ಕುದುರೆ ಆಪರೇಷನ್‌ಗೆ ಎಷ್ಟು ಬಾಟಲಿ ಸಲೈನ್ ಬೇಕು?

ಲಕ್ಷ್ಮೇಶ್ವರದ ಓದುಗರೊಬ್ಬರ ಪ್ರಶ್ನೆ:

“ನಮ್ಮ ಮನೆಯಲ್ಲಿ ಮದುವೆ ಮೆರವಣಿಗೆಗೆ ಕಳಿಸುವ ಮೂರು ಕುದುರೆಗಳಿವೆ. ಅದರಲ್ಲಿ ಐದು ವರ್ಷದ ಗಂಡು ಕುದುರೆಗೆ ಒಂದು ಬೀಜ ಮಾತ್ರ ಕೆಳಗೆ ಇಳಿದಿದೆ, ಇನ್ನೊಂದು ಒಳಗೇ ಉಳಿದಿದೆ. ಹೆಣ್ಣು ಕುದುರೆ ಕಂಡರೆ ಕೈಗೆ ಸಿಗುವುದಿಲ್ಲ. ಎರಡೂ ಬೀಜ ತೆಗೆಸಲೇಬೇಕು, ಪೂರ್ತಿ ಮತ್ತು ಕೊಟ್ಟು ಅಂಗಾತ ಮಲಗಿಸಿ ಮಾಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ತೂಕ ಸುಮಾರು 350 ಕೆಜಿ. ಒಂದೂವರೆ ಗಂಟೆ ಹಿಡಿಯುತ್ತದೆ, ಅರ್ಧ ಲೀಟರಿನ ಆರು ಬಾಟಲಿ ಸಲೈನ್ ಸಾಕು ಅಂದರು. ಇಷ್ಟು ದೊಡ್ಡ ಪ್ರಾಣಿಗೆ ಆರೇನಾ? ನಮ್ಮ ಅತ್ತಿಗೆಯ ಸಿಸೇರಿಯನ್‌ಗೇ ನಾಲ್ಕು ಹಚ್ಚಿದ್ದರು. ಮೂರು ವರ್ಷದ ಹಿಂದೆ ಇನ್ನೊಂದು ಕುದುರೆಗೆ ಹೊಟ್ಟೆಶೂಲೆ ಬಂದು ದೊಡ್ಡ ಆಸ್ಪತ್ರೆಗೆ ಒಯ್ದಿದ್ದೆವು. ಆಪರೇಷನ್ ಆಯ್ತು, ಇಪ್ಪತ್ತು ಬಾಟ್ಲಿ ಹಚ್ಚಿದ್ರೂ ಉಳೀಲಿಲ್ರಿ. ಸಲೈನ್ ಜಾಸ್ತಿಯಾಗಿ ಎದೆಗೆ ನೀರು ಇಳೀತು ಅಂತ ಕೆಲವರು, ಸಾಕಾಗಲಿಲ್ಲ ಅಂತ ಕೆಲವರು. ಈಗ ನಮ್ಮ ಕಾಕಾ, ಹಿಂದಿನ ದಿನದಿಂದ ನೀರು ಕೊಡಬೇಡ, ಮುಂಜಾನೆ ನಾಲ್ಕು ಗ್ಲೂಕೋಸ್ ಏರಿಸು, ಶಕ್ತಿ ಬರ್ತದ ಅಂತಾರೆ. ಯಾರ ಮಾತು ಕೇಳಲಿ?”

ಡಾಕ್ಟರ್ ಮಾತು ಕೇಳಿ. ಕಾಕಾ ಅವರ ಎರಡು ಸಲಹೆಗಳಲ್ಲಿ ಒಂದು ಉಪಯೋಗಕ್ಕೆ ಬರುವುದಿಲ್ಲ, ಇನ್ನೊಂದು ಅಪಾಯದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಹಿಂದಿನ ಕುದುರೆ ಕಳೆದುಕೊಂಡ ನೋವು ನಿಮ್ಮ ಪತ್ರದುದ್ದಕ್ಕೂ ಕಾಣುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಲೆಕ್ಕ. ಆರೋಗ್ಯವಾಗಿರುವ ಕುದುರೆಗೆ ಅರಿವಳಿಕೆ ಕೊಟ್ಟಾಗ, ಒಂದು ಕೆಜಿ ತೂಕಕ್ಕೆ ಗಂಟೆಗೆ ಸುಮಾರು 5 ಮಿಲಿ ಸಲೈನ್ ಬಿಡುತ್ತೇವೆ. 350 ಕೆಜಿಗೆ ಗಂಟೆಗೆ 1750 ಮಿಲಿ ಆಯಿತು. ಒಂದೂವರೆ ಗಂಟೆಗೆ ಎರಡೂ ಮುಕ್ಕಾಲು ಲೀಟರಿಗೆ ಸ್ವಲ್ಪ ಕಮ್ಮಿ. ಆರು ಬಾಟಲಿ ಅಂದರೆ ಮೂರು ಲೀಟರ್. ನಿಮ್ಮ ಡಾಕ್ಟರ್ ಜಿಪುಣತನ ಮಾಡಿಲ್ಲ, ಲೆಕ್ಕ ಹಾಕಿಯೇ ಹೇಳಿದ್ದಾರೆ. ಹಳೇ ಪುಸ್ತಕ ಓದಿದವರು ಕೆಜಿಗೆ 10 ಮಿಲಿ ಅನ್ನುತ್ತಾರೆ. ಆ ಲೆಕ್ಕದಲ್ಲಿ ಹತ್ತು–ಹನ್ನೊಂದು ಬಾಟಲಿ ಬೇಕಾಗುತ್ತದೆ. ಅದೂ ತಪ್ಪಲ್ಲ, ಆದರೆ ಈಗ ಹೆಚ್ಚಿನವರು ಕೆಳಗಿನ ಅಳತೆಯಿಂದಲೇ ಶುರು ಮಾಡಿ, ಬೇಕಾದರೆ ಏರಿಸುತ್ತಾರೆ. ನಾನು ಇದರಲ್ಲಿ ಹೊಸಬರ ಕಡೆ.

ಅತ್ತಿಗೆಯವರ ಲೆಕ್ಕ ಹಿಡಿದರೆ ಏನಾಗುತ್ತದೆ ನೋಡಿ. ಅವರ ತೂಕ 60 ಕೆಜಿ ಅಂದುಕೊಂಡರೆ, ಎರಡು ಲೀಟರ್ ಸಲೈನಿಗೆ ಕೆಜಿಗೆ 33 ಮಿಲಿ ಬಿತ್ತು. ಅದೇ ಪ್ರಮಾಣದಲ್ಲಿ ನಿಮ್ಮ ಕುದುರೆಗೆ 23 ಬಾಟಲಿ ಬೇಕು. ನಿಮಗೆ ಅನುಮಾನ ಬಂದದ್ದು ಸಹಜವೇ. ಆದರೆ ಸಿಸೇರಿಯನ್‌ನಲ್ಲಿ ರಕ್ತ ಹೋಗುತ್ತದೆ, ಬೆನ್ನಿಗೆ ಕೊಡುವ ಇಂಜೆಕ್ಷನ್ನಿಂದ ಬಿಪಿ ಇಳಿಯುತ್ತದೆ, ಆಮೇಲೆ ವಾರ್ಡಿನಲ್ಲಿ ಎಷ್ಟೋ ಹೊತ್ತು ಬಾಯಿಗೆ ಏನೂ ಕೊಡುವುದಿಲ್ಲ. ಆ ನಾಲ್ಕು ಬಾಟಲಿ ಇಡೀ ದಿನದ್ದು. ನಿಮ್ಮ ಕುದುರೆಯದ್ದು ಒಂದೂವರೆ ಗಂಟೆಯ ಮಾತು. ಎದ್ದು ನಿಂತು, ಅರಿವಳಿಕೆಯ ಅಮಲು ಪೂರ್ತಿ ಇಳಿದ ಮೇಲೆ ಅದೇ ಬಕೆಟ್‌ನಿಂದ ನೀರು ಕುಡಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಎಲ್ಲಾ ಲೆಕ್ಕ ನಿಂತಿರುವುದು ತೂಕದ ಮೇಲೆ. ಹಾವೇರಿ, ಗದಗ ಕಡೆ ಕುರಿ ಹಿಂಡಿನ ಜೊತೆ ಸಾಮಾನು ಹೊತ್ತು ಹೋಗುವ ಸಣ್ಣ ಕುದುರೆಗಳಿಗೆ ಇದರ ಅರ್ಧದಷ್ಟೇ ಸಾಕು. ಕಣ್ಣಂದಾಜಿನಲ್ಲಿ ಹೇಳಿದ ತೂಕ ಎಷ್ಟೋ ಸಲ ತಪ್ಪಿರುತ್ತದೆ, ಔಷಧಿಯ ಅಳತೆಯೂ ಅದರಿಂದಲೇ ಹೋಗುತ್ತದೆ. ಟೇಪ್ ಹಿಡಿದು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮುಂದಿನ ಮೂಳೆಯಿಂದ ಹಿಂಭಾಗದ ಕೊನೆಯ ಮೂಳೆವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ ಇರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. ಸುತ್ತಳತೆ 165, ಉದ್ದ 150 ಇದ್ದರೆ ಸುಮಾರು 344 ಕೆಜಿ. ಅಳೆದು ಬರೆದುಕೊಂಡು ಹೋಗಿ, ಡಾಕ್ಟರ್ ಖುಷಿ ಪಡುತ್ತಾರೆ.

ಹಾಗಾದರೆ ಸಲೈನ್ ಯಾಕೆ?

ಬಾಯಾರಿಕೆಗೆ ಅಲ್ಲ. ಈ ತೂಕದ ಕುದುರೆಗೆ ಸುಮ್ನೆ ನಿಂತಿದ್ದರೂ ದಿನಕ್ಕೆ 17–18 ಲೀಟರ್ ನೀರು ಬೇಕು, ಅಂದರೆ ಗಂಟೆಗೆ ಮುಕ್ಕಾಲು ಲೀಟರ್. ಒಂದೂವರೆ ಗಂಟೆ ನೀರಿಲ್ಲದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ನಮ್ಮ ಚಿಂತೆ ಬಿಪಿಯದ್ದು.

ಕುದುರೆಯನ್ನು ಕೆಡವಿ ಮಲಗಿಸಿದಾಗ ಅದರ ಮೂರೂವರೆ ಕ್ವಿಂಟಲ್ ತೂಕ ಅದರದ್ದೇ ಮಾಂಸಖಂಡದ ಮೇಲೆ ಬೀಳುತ್ತದೆ. ಅಂಗಾತ ಮಲಗಿದರೆ ಬೆನ್ನು ಮತ್ತು ಹಿಂಭಾಗದ ಖಂಡಗಳು ಒತ್ತಿಹೋಗುತ್ತವೆ. ಒತ್ತಿಹೋದ ಖಂಡದೊಳಕ್ಕೆ ರಕ್ತ ನುಗ್ಗಬೇಕಾದರೆ ಬಿಪಿ ಗಟ್ಟಿ ಇರಬೇಕು. ಸರಾಸರಿ ಬಿಪಿ 70ರ ಮೇಲೆ ಇರಲಿ ಅಂತ ನೋಡುತ್ತೇವೆ. 60ಕ್ಕಿಂತ ಕೆಳಗೆ ಬಹಳ ಹೊತ್ತು ಉಳಿದರೆ ಒತ್ತಿಹೋದ ಖಂಡಕ್ಕೆ ರಕ್ತ ಸಾಲದೆ ಅದು ಕೆಡುತ್ತದೆ. ಆಪರೇಷನ್ ಚೆನ್ನಾಗಿಯೇ ಮುಗಿದಿರುತ್ತದೆ, ಆದರೆ ಕುದುರೆಗೆ ಏಳಲು ಆಗುವುದಿಲ್ಲ. ಹಿಂಭಾಗ ಕಲ್ಲಿನಂತೆ ಗಟ್ಟಿ, ಮೈಯೆಲ್ಲಾ ಬೆವರು, ಉಚ್ಚೆ ಕಾಫಿ ಬಣ್ಣ. ಅಂಥದನ್ನು ನೋಡಿದವರು ಆಮೇಲೆ ಬಿಪಿ ಮಾಪನದಿಂದ ಕಣ್ಣು ತೆಗೆಯುವುದಿಲ್ಲ. ಕೆಳಗೆ ದಪ್ಪ ಗಾದಿ ಹಾಕುವುದೂ ಇದಕ್ಕೇ. ಎಷ್ಟೇ ಸಲೈನ್ ಬಿಟ್ಟರೂ ಬರಿ ಸಿಮೆಂಟ್ ನೆಲದ ಮೇಲೆ ಕುದುರೆಯನ್ನು ಗಂಟೆಗಟ್ಟಲೆ ಅಂಗಾತ ಮಲಗಿಸಬಾರದು.

ಈಗ ಅಸಲು ವಿಷಯ. ಆರೋಗ್ಯವಾಗಿದ್ದ ಕುದುರೆಯ ಬಿಪಿ ಆಪರೇಷನ್ ಟೇಬಲ್ ಮೇಲೆ ಇಳಿಯುವುದು ನೀರು ಕಡಿಮೆಯಾಗಿ ಅಲ್ಲ. ಮತ್ತಿನ ಔಷಧಿಯಿಂದ. ಐಸೋಫ್ಲೂರೇನ್ ಅನ್ನುವ ಗ್ಯಾಸ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಹೃದಯ ಒತ್ತುವ ಬಲವನ್ನೂ ತಗ್ಗಿಸುತ್ತದೆ. ಬೋರ್‌ವೆಲ್ ಮೋಟರ್ ಸೋತು, ಜೊತೆಗೆ ಪೈಪೂ ಅಗಲ ಆದರೆ ಕೊನೆಯ ಸಾಲಿಗೆ ನೀರು ಮುಟ್ಟುತ್ತಾ? ಬಾವಿಗೆ ಇನ್ನಷ್ಟು ನೀರು ಸುರಿದು ಏನು ಉಪಯೋಗ? ಸ್ವಲ್ಪ ಹೊತ್ತು ಸುಧಾರಿಸಬಹುದು, ಅಷ್ಟೇ. ರಕ್ತನಾಳಕ್ಕೆ ಬಿಟ್ಟ ಸಲೈನಿನ ಬಹುಪಾಲು ಒಂದು ಗಂಟೆಯೊಳಗೆ ಅಲ್ಲಿಂದ ಸೋರಿ ಮೈಯ ಬೇರೆ ಕಡೆ ಹರಡಿಬಿಡುತ್ತದೆ.

ಅದಕ್ಕೇ ಬಿಪಿ ಇಳಿದಾಗ ನಾವು ಮೊದಲು ಗ್ಯಾಸ್ ಕಡಿಮೆ ಮಾಡುತ್ತೇವೆ. ಆಮೇಲೆ ಡೊಬುಟಮಿನ್ ಅನ್ನುವ ಔಷಧಿಯನ್ನು ಸಲೈನ್‌ನಲ್ಲಿ ಬೆರೆಸಿ, ಹನಿ ಹನಿಯಾಗಿ ಬಿಡುತ್ತೇವೆ. ಅದು ಹೃದಯದ ಬಲ ಹೆಚ್ಚಿಸುತ್ತದೆ. ಇದು ಮನುಷ್ಯರ ಔಷಧಿ ಅಂಗಡಿಯಲ್ಲೇ ಸಿಗುವ ವಸ್ತು. ಆದರೆ ಬಿಪಿಯನ್ನೂ ಹೃದಯದ ಬಡಿತವನ್ನೂ ನೋಡುತ್ತಾ ಕೊಡಬೇಕು, ಕುರುಡಾಗಿ ಕೊಡುವಂಥದ್ದಲ್ಲ.

ಹಾಗಾಗಿ ಡಾಕ್ಟರನ್ನು ಭೇಟಿಯಾದಾಗ ಬಾಟಲಿ ಎಷ್ಟು ಅಂತ ಕೇಳುವ ಬದಲು ಹೀಗೆ ಕೇಳಿ: “ಸರ್, ಆಪರೇಷನ್ ಮಾಡುವವರು ಒಬ್ಬರು, ಅರಿವಳಿಕೆ ನೋಡಿಕೊಳ್ಳುವವರು ಇನ್ನೊಬ್ಬರು ಇರ್ತಾರಾ? ಬಿಪಿ ಹೇಗೆ ನೋಡ್ತೀರಿ?” ಒಳ್ಳೆ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಗ್ಯಾಸ್ ಕೊಡುವ ಜಾಗದಲ್ಲಿ ಮುಖದ ಮೇಲಿನ ಒಂದು ಸಣ್ಣ ರಕ್ತನಾಳಕ್ಕೆ ಸೂಜಿ ಹಾಕಿ ನೇರವಾಗಿ ಬಿಪಿ ಅಳೆಯುತ್ತಾರೆ. ಆ ನಾಡಿ ನಿಮಗೂ ಸಿಗುತ್ತದೆ. ಕೆಳದವಡೆಯ ಅಂಚಿನ ಒಳಮಗ್ಗುಲಲ್ಲಿ ಬೆರಳಿಟ್ಟು ಸ್ವಲ್ಪ ಹಿಂದೆ ಮುಂದೆ ಸರಿಸಿ. ಪೆನ್ಸಿಲ್‌ಗಿಂತ ಸಣ್ಣ, ಜಾರುವ ದಾರದಂಥದ್ದು ಸಿಗುತ್ತದೆ. ಮೆತ್ತಗೆ ಒತ್ತಿ ಹಿಡಿದರೆ ಮಿಡಿಯುವುದು ಗೊತ್ತಾಗುತ್ತದೆ. ಆರಾಮಾಗಿ ನಿಂತ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಈಗಲೇ ಅಭ್ಯಾಸ ಮಾಡಿಟ್ಟುಕೊಳ್ಳಿ, ಆಪರೇಷನ್ ಆದ ಮೇಲೆ ಮನೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಿಂದಿನ ಕುದುರೆಯ ಕಥೆ ಬೇರೆ

ಹೊಟ್ಟೆಶೂಲೆಯ ಕುದುರೆಗೂ ಬೀಜದ ಆಪರೇಷನ್ನಿನ ಕುದುರೆಗೂ ಹೋಲಿಸಲೇಬೇಡಿ. ಕರುಳು ತಿರುಚಿಕೊಂಡಾಗ ಮೈಯೊಳಗಿನ ನೀರು ಲೀಟರ್‌ಗಟ್ಟಲೆ ಕರುಳಿನೊಳಕ್ಕೇ ಸೋರುತ್ತದೆ. ಹೊರಗೆ ಏನೂ ಹೋಗಿರುವುದಿಲ್ಲ, ಆದರೆ ರಕ್ತನಾಳ ಖಾಲಿಯಾಗುತ್ತಾ ಬರುತ್ತದೆ. ನೂರಕ್ಕೆ 8ರಷ್ಟು ನೀರು ಕಳೆದುಕೊಂಡ 350 ಕೆಜಿ ಕುದುರೆಗೆ 28 ಲೀಟರ್ ಕೊರತೆ. ಅದನ್ನು ತುಂಬಲು 56 ಬಾಟಲಿ ಬೇಕು. ನಿಮ್ಮ ಇಪ್ಪತ್ತು ಬಾಟಲಿ ಅಂದರೆ 10 ಲೀಟರ್. ಅಂಥ ಸ್ಥಿತಿಯಲ್ಲಿ ನಾವು ಒಂದೇ ಸಲಕ್ಕೆ ಕೆಜಿಗೆ 20 ಮಿಲಿವರೆಗೆ, ಅಂದರೆ 7 ಲೀಟರ್ ಓಡಿಸಿ, ನಾಡಿ ನೋಡಿ, ವಸಡು ನೋಡಿ, ಮತ್ತೆ ಓಡಿಸುವುದುಂಟು. ಆದ್ದರಿಂದ ಸಲೈನ್ ಜಾಸ್ತಿಯಾಗಿ ಸತ್ತಿತು ಅನ್ನುವ ಮಾತನ್ನು ಮನಸ್ಸಿಂದ ತೆಗೆದುಹಾಕಿ.

ಸಾಕಾಗಲಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಕರುಳು ಕೊಳೆಯಲು ಶುರುವಾದರೆ ಅದರ ವಿಷ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ರಕ್ತನಾಳಗಳ ಗೋಡೆಯೇ ಸೋರಲು ಶುರು. ಹಾಕಿದ ಸಲೈನ್ ಒಳಗೆ ನಿಲ್ಲುವುದೇ ಇಲ್ಲ. ಅಂಥ ಕುದುರೆಯನ್ನು ಉಳಿಸುವುದು ಬಾಟಲಿಗಿಂತ ಹೆಚ್ಚಾಗಿ, ಎಷ್ಟು ಬೇಗ ತಂದರು ಅನ್ನುವುದು. ನಮ್ಮ ಕಡೆ ಕುದುರೆ ಮೊದಲು ನೆಲದಲ್ಲಿ ಹೊರಳಿದ ಹೊತ್ತಿಗೂ ಆಸ್ಪತ್ರೆ ಮುಟ್ಟಿದ ಹೊತ್ತಿಗೂ ನಡುವೆ ಅರ್ಧ ದಿನ ಹೋಗಿರುವುದೇ ಜಾಸ್ತಿ. ದಾರಿ ಹಾಗಿದೆ, ಯಾರನ್ನು ದೂರುವುದು?

2002ರಲ್ಲಿ ಪ್ರಕಟವಾದ, 40 ಸಾವಿರಕ್ಕೂ ಹೆಚ್ಚು ಕುದುರೆಗಳ ಒಂದು ದೊಡ್ಡ ಅಧ್ಯಯನವಿದೆ. ಅರಿವಳಿಕೆ ಕೊಟ್ಟ ಏಳು ದಿನದೊಳಗೆ ಸತ್ತ ಕುದುರೆಗಳ ಲೆಕ್ಕ ಅದರಲ್ಲಿದೆ. ಹೊಟ್ಟೆಶೂಲೆ ಬಿಟ್ಟು ಬೇರೆ ಆಪರೇಷನ್‌ಗಳಲ್ಲಿ ನೂರಕ್ಕೆ 0.9. ಹೊಟ್ಟೆಶೂಲೆಯನ್ನೂ ಸೇರಿಸಿದರೆ 1.9. ಸತ್ತವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೃದಯ ನಿಂತು, ಕಾಲು ಭಾಗ ಏಳುವಾಗ ಮೂಳೆ ಮುರಿದು. ನೂರಕ್ಕೆ ಒಂದು ಅನ್ನುವುದು ಸಣ್ಣ ಸಂಖ್ಯೆ ಅಲ್ಲ. ಮನುಷ್ಯರಲ್ಲಿ, ನಾಯಿ-ಬೆಕ್ಕುಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಏನೂ ಆಗಲ್ಲ ಬಿಡಿ ಅಂತ ನಿಮಗೆ ಯಾರಾದರೂ ಭರವಸೆ ಕೊಟ್ಟರೆ ಅವರನ್ನು ಪೂರ್ತಿ ನಂಬಬೇಡಿ.

ಕಾಕಾ ಅವರ ಗ್ಲೂಕೋಸ್, ಕಾಕಾ ಅವರ ನೀರು

ಗ್ಲೂಕೋಸ್ ಬೇಡ. ಕುದುರೆಗೆ ಮೊದಲು ಕೊಡುವ ಮಂಪರಿನ ಔಷಧಿ ಕ್ಸೈಲಜಿನ್. ಅದು ಇನ್ಸುಲಿನ್ ತಡೆದು ತಾನಾಗಿಯೇ ರಕ್ತದ ಸಕ್ಕರೆ ಏರಿಸುತ್ತದೆ. ಅದರ ಮೇಲೆ ನೀವು ನಾಲ್ಕು ಬಾಟಲಿ ಗ್ಲೂಕೋಸ್ ಏರಿಸಿದರೆ ಸಕ್ಕರೆ ಉಚ್ಚೆಯಲ್ಲಿ ಹೋಗುತ್ತದೆ, ಜೊತೆಗೆ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಉಳಿದದ್ದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಬಿಪಿ ಹಿಡಿಯುವುದಿಲ್ಲ, ಜಾಸ್ತಿಯಾದರೆ ರಕ್ತದ ಉಪ್ಪಿನಂಶವನ್ನೂ ತೆಳು ಮಾಡುತ್ತದೆ. ಹಾಲು ಕುಡಿಯುವ ಮರಿಗಳ ಮಾತು ಬೇರೆ. ಅವುಗಳನ್ನು ಹಸಿವಲ್ಲಿ ಇಟ್ಟರೆ ಸಕ್ಕರೆ ಬೇಗ ಬೀಳುತ್ತದೆ, ಅವಕ್ಕೆ ಗ್ಲೂಕೋಸ್ ಬೇಕಾಗಬಹುದು.

ನೀರು ನಿಲ್ಲಿಸುವುದಂತೂ ಬೇಡವೇ ಬೇಡ. ಕಣಿಕೆ, ಹೊಟ್ಟು, ಹುರುಳಿ ಹಿಂದಿನ ರಾತ್ರಿಯಿಂದ ನಿಲ್ಲಿಸಿ, ಎಷ್ಟು ಗಂಟೆಗೆ ಅಂತ ಡಾಕ್ಟರ್ ಹೇಳುತ್ತಾರೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ. ನೀರಿನ ಬಕೆಟ್ ಮಾತ್ರ ಮೊದಲ ಇಂಜೆಕ್ಷನ್ ಕೊಡುವವರೆಗೂ ಎದುರಲ್ಲೇ ಇರಲಿ. ಟೇಬಲ್ ಮೇಲೆ ಉಚ್ಚೆ ಹೊಯ್ಯಬಾರದು ಅನ್ನುವುದು ಕಾಕಾ ಅವರ ಉದ್ದೇಶ ಇರಬಹುದು. ನೀರು ನಿಲ್ಲಿಸಿದರೂ ಕ್ಸೈಲಜಿನ್ ಉಚ್ಚೆ ಹೊಯ್ಯಿಸಿಯೇ ಹೊಯ್ಯಿಸುತ್ತದೆ. ಅದಕ್ಕೆ ನಾವು ನಳಿಕೆ ಹಾಕಿ ಮೂತ್ರಕೋಶ ಖಾಲಿ ಮಾಡುತ್ತೇವೆ. ಇಲ್ಲದಿದ್ದರೆ ಎಚ್ಚರವಾಗುವ ಹೊತ್ತಿಗೆ ಹೊಟ್ಟೆ ತುಂಬಿದ ಉಚ್ಚೆಗೆ ಕುದುರೆ ಚಡಪಡಿಸುತ್ತದೆ, ಕಾಲಲ್ಲಿ ಬಲ ಬರುವ ಮುಂಚೆಯೇ ಏಳಲು ನೋಡುತ್ತದೆ, ಒದ್ದೆ ನೆಲದ ಮೇಲೆ ಜಾರುತ್ತದೆ. ಮೂಳೆ ಮುರಿಯುವುದು ಹೀಗೆಯೇ. ಸಲೈನ್ ಜಾಸ್ತಿ ಹಾಕಿದಷ್ಟೂ ಈ ತೊಂದರೆ ಜಾಸ್ತಿ.

ಇದರ ಜೊತೆಗೆ ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಕುದುರೆ ನೀರು ಕುಡಿಯಲಿಲ್ಲ ಅಂತ ಗೊಟ್ಟದಲ್ಲೋ ಬಾಟಲಿಯಲ್ಲೋ ಬಾಯಿಗೆ ಹೊಯ್ಯಬೇಡಿ. ಎತ್ತಿಗೆ ಹೊಯ್ದ ಹಾಗೆ ತಲೆ ಎತ್ತಿ ಹೊಯ್ದರೆ ಅದು ಶ್ವಾಸನಾಳಕ್ಕೆ ಹೋಗಬಹುದು, ಎರಡು ದಿನದಲ್ಲಿ ನ್ಯುಮೋನಿಯ. ಎದೆಗೆ ನೀರು ಇಳಿಯುವುದು ಅಂತ ಊರಲ್ಲಿ ಹೇಳುವುದರಲ್ಲಿ ಸಲೈನಿನಿಂದ ಆಗುವುದಕ್ಕಿಂತ ಗೊಟ್ಟದಿಂದ ಆಗುವುದೇ ಜಾಸ್ತಿ ಅಂತ ನನ್ನ ಅನುಭವ. ಬಾಯಿಂದ ನೀರು ಕೊಡಲೇಬೇಕಾದರೆ ಡಾಕ್ಟರ್ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ, ಸಲಕ್ಕೆ ಐದಾರು ಲೀಟರ್ ಕೊಡುತ್ತಾರೆ. ಹೊಟ್ಟೆ, ಕರುಳು ಸರಿ ಇದ್ದಾಗ ಇದು ಸಲೈನ್‌ಗಿಂತ ಅಗ್ಗ, ಎಷ್ಟೋ ಸಲ ಸಲೈನ್‌ಗಿಂತ ಒಳ್ಳೆಯದೂ ಹೌದು. ಮಂಪರಿನಲ್ಲಿ ಇರುವಾಗ ಮಾತ್ರ ಬೇಡ.

ಯಾವ ಬಾಟಲಿ, ಯಾವ ಸೂಜಿ

ಔಷಧಿ ಅಂಗಡಿಯವರು ಕೊಟ್ಟದ್ದನ್ನು ತರಬೇಡಿ. ಚೀಟಿಯಲ್ಲಿ ಬರೆದದ್ದನ್ನೇ ತನ್ನಿ. ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್ ಬರೆಯುತ್ತಾರೆ. ಅದರ ಉಪ್ಪಿನಂಶ ಕುದುರೆಯ ರಕ್ತಕ್ಕೆ ಹತ್ತಿರ. ಎನ್‌ಎಸ್ ಎಂಬ ಸಾದಾ ಸಲೈನ್‌ನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಲೀಟರಿಗೆ 154 ಮಿಲಿಮೋಲ್. ಕುದುರೆಯ ರಕ್ತದಲ್ಲಿ ಕ್ಲೋರೈಡ್ ಇರುವುದು 100ರ ಆಸುಪಾಸು. ಒಂದೆರಡು ಬಾಟಲಿಗೆ ಏನಾಗುವುದಿಲ್ಲ, ಲೀಟರ್‌ಗಟ್ಟಲೆ ಹೋದರೆ ರಕ್ತ ಆಮ್ಲದ ಕಡೆ ವಾಲುತ್ತದೆ. ಅಂಗಡಿಯಲ್ಲಿ ಆರ್‌ಎಲ್ ಇಲ್ಲ, ಡಿಎನ್‌ಎಸ್ ಒಯ್ಯಿರಿ ಅಂದರೆ ಬೇಡ ಅನ್ನಿ. ಅದರಲ್ಲಿ ಗ್ಲೂಕೋಸ್ ಇದೆ.

7.2 ಅಥವಾ 7.5 ಪರ್ಸೆಂಟಿನ ಗಾಢ ಉಪ್ಪಿನ ಸಲೈನ್ ಒಂದಿದೆ. ಕೆಜಿಗೆ 4 ಮಿಲಿಯಂತೆ, ನಿಮ್ಮ ಕುದುರೆಗೆ 1400 ಮಿಲಿ ಬಿಟ್ಟರೆ ಸುತ್ತಲಿನ ನೀರನ್ನು ರಕ್ತನಾಳಕ್ಕೆ ಎಳೆದುಕೊಂಡು ಕೆಲವೇ ನಿಮಿಷದಲ್ಲಿ ಬಿಪಿ ಎತ್ತುತ್ತದೆ. ಹೊಟ್ಟೆಶೂಲೆ, ರಕ್ತಸ್ರಾವದಂಥ ತುರ್ತಿಗೆ ಬಹಳ ಒಳ್ಳೆಯದು. ಆದರೆ ಅದು ಸಾಲ ತಂದ ನೀರು, ಬೆನ್ನಿಗೇ ಸಾದಾ ದ್ರವ ಕೊಟ್ಟು ತೀರಿಸಬೇಕು. ನಿಮ್ಮ ಕುದುರೆಗೆ ಇದರ ಅಗತ್ಯ ಬೀಳದಿರಲಿ.

ಸಲೈನ್ ಜಾಸ್ತಿ ಆದರೆ ತೊಂದರೆ ಆಗುವುದಿಲ್ಲವಾ ಅನ್ನಬಹುದು. ಆಗುತ್ತದೆ, ಆದರೆ ಆರು ಬಾಟಲಿಯಿಂದ ಅಲ್ಲ. ಈ ಕುದುರೆಯ ಮೈಯಲ್ಲಿ ಇರುವ ರಕ್ತವೇ ಸುಮಾರು 28 ಲೀಟರ್. ಬಿಪಿ ಇಳಿಯಿತು ಅಂತ ಗಾಬರಿಯಾಗಿ, ಕಾರಣ ಹುಡುಕದೆ, ಬಾಟಲಿ ಮೇಲೆ ಬಾಟಲಿ ಏರಿಸಿದಾಗ ರಕ್ತ ತೆಳುವಾಗುತ್ತದೆ. ರಕ್ತದ ಪ್ರೋಟೀನ್ ಇಳಿದರೆ ನೀರು ಕರುಳಿನ ಗೋಡೆಗೆ, ಶ್ವಾಸಕೋಶಕ್ಕೆ ಸೋರುತ್ತದೆ. ಅಂಗಾತ ಮಲಗಿದ ಕುದುರೆಗೆ ಉಸಿರಾಟವೇ ಕಷ್ಟ, ಕರುಳಿನ ಭಾರವೆಲ್ಲಾ ಎದೆಯ ಕಡೆ ಒತ್ತುತ್ತಿರುತ್ತದೆ. ಅದರ ಮೇಲೆ ಇದು. ರಕ್ತ ಎಷ್ಟು ತೆಳುವಾಗಿದೆ ಅಂತ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೋಡಿ ತಿಳಿಯಬಹುದು, ಆದರೆ ಕುದುರೆ ನಮ್ಮನ್ನು ಏಮಾರಿಸುತ್ತದೆ. ಅದರ ಗುಲ್ಮದಲ್ಲಿ ಕೆಂಪು ಕಣಗಳ ದೊಡ್ಡ ದಾಸ್ತಾನು ಇರುತ್ತದೆ. ಹೆದರಿದರೆ ಅದನ್ನೆಲ್ಲಾ ಹೊರಗೆ ಬಿಟ್ಟು ಪಿಸಿವಿ ಏರುತ್ತದೆ. ಆದ್ದರಿಂದ ಪಿಸಿವಿ ಜೊತೆ ಪ್ರೋಟೀನನ್ನೂ ನೋಡಬೇಕು. ಆಪರೇಷನ್‌ಗೆ ಮುಂಚೆ ಎರಡನ್ನೂ ಒಮ್ಮೆ ಮಾಡಿಸಿ, ಖರ್ಚು ಜಾಸ್ತಿ ಇಲ್ಲ.

ಸೂಜಿಯ ವಿಷಯ ಬಹಳ ಜನ ಗಮನಿಸುವುದಿಲ್ಲ. ಆಸ್ಪತ್ರೆಯಲ್ಲಿ ಮನುಷ್ಯರ ಕೈಗೆ ಹಾಕುವ ಕ್ಯಾನುಲಾ ಗುಲಾಬಿ ಅಥವಾ ಹಸಿರು ಬಣ್ಣದ್ದು, 20 ಅಥವಾ 18 ನಂಬರಿನದು. ಅದರಲ್ಲಿ ಕುದುರೆಗೆ ಸಲೈನ್ ಬಿಟ್ಟರೆ ಆಪರೇಷನ್ ಮುಗಿದರೂ ಬಾಟಲಿ ಮುಗಿಯುವುದಿಲ್ಲ. ನಮಗೆ 14 ನಂಬರ್ ಬೇಕು, ಅದರ ಬಣ್ಣ ಕಿತ್ತಳೆ. ಅದೂ ಉದ್ದನೆಯದು. ಕುದುರೆಯ ಕುತ್ತಿಗೆ ಚರ್ಮ ದಪ್ಪ, ಗಿಡ್ಡ ಕ್ಯಾನುಲಾ ತಲೆ ಅಲುಗಿಸಿದ ಕೂಡಲೇ ರಕ್ತನಾಳದಿಂದ ಹೊರಬರುತ್ತದೆ. ಕುತ್ತಿಗೆಯ ಮೇಲೆ ಅಂಗೈ ಅಗಲ ಕೂದಲು ಬೋಳಿಸಿ, ಪೊವಿಡೋನ್‌ನಿಂದ ತಿಕ್ಕಿ ತೊಳೆದು, ಮರಗಟ್ಟಿಸುವ ಇಂಜೆಕ್ಷನ್ ಸ್ವಲ್ಪ ಕೊಟ್ಟು, ಕ್ಯಾನುಲಾ ಒಳಗೆ ಸರಿಸಿ, ಚರ್ಮಕ್ಕೆ ಹೊಲಿಗೆ ಹಾಕಿ ಕೂರಿಸುತ್ತಾರೆ. ಸ್ವಚ್ಛತೆ ಕೆಟ್ಟರೆ ಆ ನಾಳ ಊದಿ ಹಗ್ಗದಂತೆ ಗಟ್ಟಿಯಾಗುತ್ತದೆ.

ಕುದುರೆ ಎದ್ದು ನಿಂತ ಮೇಲೆ ಆ ಕ್ಯಾನುಲಾದ ಮುಚ್ಚಳ ನೀವು ಮುಟ್ಟಬೇಡಿ. ತಲೆ ಎತ್ತಿದಾಗ ಕುತ್ತಿಗೆ ನಾಳದಲ್ಲಿ ಒತ್ತಡ ಕಡಿಮೆ ಆಗುತ್ತದೆ, ಮುಚ್ಚಳ ತೆಗೆದಿದ್ದರೆ ಸುಯ್ ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಒಂದೆರಡು ಗುಳ್ಳೆಗೆ ಏನಾಗುವುದಿಲ್ಲ. ಹಾಗೇ ಬಿಟ್ಟರೆ ಕುದುರೆ ಕುಸಿಯುತ್ತದೆ.

ಎಲ್ಲಿ ಮಾಡಿಸಬೇಕು

ಮೂರು ದಾರಿಗಳಿವೆ. ಒಳಗಿನ ಬೀಜ ತೊಡೆಸಂದಿಯವರೆಗೆ ಬಂದಿದ್ದರೆ, ಇಂಜೆಕ್ಷನ್ ಅರಿವಳಿಕೆಯಲ್ಲೇ ಗಂಟೆಯೊಳಗೆ ಮುಗಿಸಬಹುದು. ಇದರಲ್ಲಿ ಬಿಪಿ ಗ್ಯಾಸಿನಷ್ಟು ಇಳಿಯುವುದಿಲ್ಲ, ಮತ್ತಿನ ಔಷಧಿಯನ್ನೇ ಡ್ರಿಪ್ಪಿನಲ್ಲಿ ಬಿಡುವುದರಿಂದ ಅದೂ ಸಲೈನ್ ಲೆಕ್ಕಕ್ಕೆ ಸೇರುತ್ತದೆ. ಗಂಟೆ ದಾಟಿದರೆ ಕಷ್ಟ. ಔಷಧಿ ಮೈಯಲ್ಲಿ ಸೇರುತ್ತಾ ಹೋಗಿ ಏಳುವುದು ತಡವಾಗುತ್ತದೆ. ಹೊಟ್ಟೆಯೊಳಗೇ ಇದ್ದರೆ ಹುಡುಕಲು ಹೊತ್ತು ಬೇಕು. ಆಗ ಗ್ಯಾಸ್ ಯಂತ್ರ, ಆಮ್ಲಜನಕ, ಬಿಪಿ ಮಾಪನ, ಗಾದಿ ಹಾಕಿದ ಕೋಣೆ ಇರುವ ಕಡೆ ಹೋಗಿ. ಮೂರನೆಯದು, ನಿಂತಂತೆಯೇ ಮಂಪರು ಕೊಟ್ಟು, ಪಕ್ಕೆಯಿಂದ ಕ್ಯಾಮೆರಾ ಹಾಕಿ ತೆಗೆಯುವುದು. ಕೆಡವುವ ಗೊಡವೆಯೇ ಇಲ್ಲ. ಸಿಗುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ, ಆದರೆ ಆ ಉಪಕರಣ ಎಲ್ಲ ಕಡೆ ಇರುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿ ಬೀಜ ಎಲ್ಲಿದೆ ನೋಡಿಸಿ, ಆಮೇಲೆ ಜಾಗ ತೀರ್ಮಾನಿಸಿ. ಯಾರಾದರೂ ಕೆಳಗೆ ಇಳಿದ ಬೀಜ ಮಾತ್ರ ತೆಗೆದುಬಿಡೋಣ ಅಂದರೆ ಒಪ್ಪಬೇಡಿ. ಒಳಗಿನದು ಇರುವವರೆಗೂ ಅದರ ಗಂಡುತನ ಹೋಗುವುದಿಲ್ಲ, ಮುಂದೆ ಗಡ್ಡೆಯಾಗುವ ಸಂಭವವೂ ಇದೆ.

ನಿಮಗೆ ಹತ್ತಿರದಲ್ಲಿ ಗದಗದ ಪಶುವೈದ್ಯಕೀಯ ಕಾಲೇಜು ಇದೆ. ದೂರ ಅಂದರೆ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಎಲ್ಲಿಗೇ ಆಗಲಿ, ಕುದುರೆಗೆ ಗ್ಯಾಸ್ ಅರಿವಳಿಕೆ ಸದ್ಯಕ್ಕೆ ಕೊಡುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬೆಂಗಳೂರಿಗೆ ಲಾರಿಯಲ್ಲಿ ಒಯ್ಯುವುದಾದರೆ ಮೂರು-ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ತಲೆ ಎತ್ತರಕ್ಕೆ ಬಿಗಿದು ಕಟ್ಟಬೇಡಿ. ತಲೆ ಬಗ್ಗಿಸಿ ಕೆಮ್ಮಲು ಆಗದಿದ್ದರೆ ಶ್ವಾಸಕೋಶದಲ್ಲಿ ಸೋಂಕಾಗುತ್ತದೆ. ಇಳಿಸಿದ ದಿನವೇ ಆಪರೇಷನ್ ಬೇಡ, ಕನಿಷ್ಠ ಒಂದು ದಿನ ತಿಂದು ಕುಡಿದು ಸುಧಾರಿಸಿಕೊಳ್ಳಲಿ.

ಟಿಟಿ ಹಾಕಿಸಿರಬೇಕು, ಕುದುರೆಗೆ ಧನುರ್ವಾಯು ಬಹಳ ಸುಲಭವಾಗಿ ತಗಲುತ್ತದೆ. ಕೆಡವುವ ಮುಂಚೆ ಮುಖದ ಪಟ್ಟಿ ಬಿಚ್ಚಲು ನೆನಪಿಸಿ, ಬಕಲ್ ಒತ್ತಿ ಮುಖದ ನರ ಸತ್ತರೆ ತುಟಿ ಒಂದು ಕಡೆ ಜೋಲುತ್ತದೆ. ಏಳುವಾಗ ಸುತ್ತ ಜನ ಬೇಡ, ಗಲಾಟೆ ಬೇಡ, ಮೊಬೈಲ್ ಬೆಳಕೂ ಬೇಡ.

ಮನೆಗೆ ಬಂದ ಮೇಲೆ ಲದ್ದಿ ಎಣಿಸಿ. ಆರಾಮಾಗಿರುವ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ಆಪರೇಷನ್ ಆದ ಮೇಲೆ ಕರುಳು ಮಂದವಾಗುವುದು ಸಾಮಾನ್ಯ, ಆದರೆ ಲದ್ದಿ ಒಣಗಿ ಸಣ್ಣದಾಗಿ ಎರಡು-ಮೂರು ಸಲಕ್ಕೆ ಇಳಿದರೆ ಅಥವಾ ನಾಡಿ 60 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಡಾಕ್ಟರ್ ಸಿಗದಿದ್ದರೆ ಪಶು ಇಲಾಖೆಯ 1962ಕ್ಕೆ ಫೋನ್ ಮಾಡಿ. ವಸಡಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಿಳುಪು ಹೋಗಿ ಗುಲಾಬಿ ಬಣ್ಣ ಬರಬೇಕು.

ಇನ್ನು ಯಾವಾಗ ಮಾಡಿಸಬೇಕು ಅನ್ನುವುದು. ಮದುವೆ ಸೀಸನ್ ನಡುವೆ ಬೇಡ. ಏಪ್ರಿಲ್-ಮೇ ಬಿಸಿಲಲ್ಲಿ ಬ್ಯಾಂಡಿನ ಜೊತೆ ನಾಲ್ಕು ತಾಸು ನಿಂತ ಕುದುರೆ ಲೀಟರ್‌ಗಟ್ಟಲೆ ಬೆವರಿರುತ್ತದೆ. ಕುದುರೆಯ ಬೆವರಲ್ಲಿ ಉಪ್ಪು ಜಾಸ್ತಿ. ನೀರೂ ಉಪ್ಪೂ ಒಟ್ಟಿಗೇ ಹೋಗುವುದರಿಂದ ಅದಕ್ಕೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಬಕೆಟ್ ಇಟ್ಟರೂ ಮೂಸಿ ಬಿಡುತ್ತದೆ. ಹಾಗೆ ಒಣಗಿದ ಕುದುರೆಯನ್ನು ಟೇಬಲ್ ಮೇಲೆ ಹಾಕಿದರೆ ಆರು ಬಾಟಲಿಯ ಲೆಕ್ಕ ತಲೆಕೆಳಗಾಗುತ್ತದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕುದುರೆ ಖಾಲಿ ಇರುತ್ತದೆ, ಆದರೆ ಕೆಸರು, ನೊಣ, ಗಾಯಕ್ಕೆ ಹುಳ. ಧನುರ್ಮಾಸ ನೋಡಿ. ಹವೆ ತಂಪು, ನೆಲ ಒಣ, ಮುಹೂರ್ತಗಳೂ ಇಲ್ಲ. ಆಪರೇಷನ್ ಆದ ಮೇಲೆ ಮೂರು-ನಾಲ್ಕು ವಾರ ವಿಶ್ರಾಂತಿ ಬೇಕು, ಆಮೇಲಿನ ಮದುವೆಗಳ ಅಡ್ವಾನ್ಸ್ ತಗೊಳ್ಳುವಾಗ ಅಷ್ಟನ್ನು ಕಳೆದು ತಗೊಳ್ಳಿ.